ಕಾಲುವೆಯ ಏರಿ ಯಾರ ಸೊತ್ತು?

ದಾಂಡೇಲಿಯ ವಿಹಾರಧಾಮಗಳವರು ಪ್ರವಾಸಿಗಳಿಗೆ ತೋರಿಸುವ ದರಪಟ್ಟಿಗಳನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಕಾಳಿ ಹೊಳೆಯ ಮೇಲೆ ತೆಪ್ಪದ ಸವಾರಿ, ಕಾಡಿನೊಳಗೆ ಜೀಪಿನ ಸವಾರಿ, ಹಕ್ಕಿ ನೋಡುವುದು ಇತ್ಯಾದಿಗಳ ಸಾಲಿನಲ್ಲಿ ‘ಮೌಂಟನ್ ಬೈಕಿಂಗ್’ ಎಂಬ ಬಾಬತ್ತೂ ಒಂದುಂಟು. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ಬಹುಮಟ್ಟಿಗೆ ಅದರಲ್ಲಿ ಬೆಟ್ಟವೂ ಇಲ್ಲ, ಹತ್ತುವುದೂ ಇಲ್ಲ. ದಪ್ಪ ಟಾಯರಿನ ಸೈಕಲ್ಲಿನ ಮೇಲೆ ಕುಳಿತು ಹೊಳೆದಂಡೆಯ ಮಣ್ಣುದಾರಿಯಲ್ಲಿ ಸಾವಕಾಶವಾಗಿ ಹೋಗಿಬರುವುದು, ಅಷ್ಟೇ. ಎರಡು ದಿನದ ರಜೆಗೆ ಪಟ್ಟಣಗಳಿಂದ ಬಂದವರು ಇದಕ್ಕೆ ಹಣ ತೆರುತ್ತಾರೆ. ತೆರಲಿ. ದುಡಿದವರು ದಣಿವಾರಿಸಿಕೊಳ್ಳುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಅವರಲ್ಲಿಯೂ ಕೂಲಿಯವರೇ ಹೆಚ್ಚು, ಕುರ್ಚಿಯ ಮೇಲೆ ಕುಳಿತು ಮಾಡುವ ಕೂಲಿ ಎಂಬುದೊಂದೇ ವ್ಯತ್ಯಾಸ.

ನಾವು ಕೇಳುವುದು ಬೇರೆ. ಅದೇ ಬಗೆಯ ಮಣ್ಣುದಾರಿಯಲ್ಲಿ ಬುತ್ತಿ ಕಟ್ಟಿಕೊಂಡು ಪಾಳಿಗೆ ಹೊರಟ ಗಿರಣಿ ಕಾಮಗಾರ ಸೈಕಲ್ ತುಳಿದರೆ ಅದಕ್ಕೊಂದು ಹೆಸರಿಲ್ಲ, ಅವನಿಗೊಂದು ದಾರಿಯಿಲ್ಲ. ಅವನು ಲಾರಿಗಳ ಮಗ್ಗುಲಲ್ಲಿ ಡಾಂಬರಿನ ಅಂಚು ಹಿಡಿದು ಜೀವ ಬಿಗಿಹಿಡಿದುಕೊಂಡು ಹೋಗಬೇಕು. ಸಂತೆಯಿಂದ ಸಂತೆಗೆ ಗಂಟು ಹೊತ್ತ ಬಟ್ಟೆ ವ್ಯಾಪಾರಿ, ಹಾಲಿನ ಕ್ಯಾನಿನವ, ಕ್ಯಾರಿಯರಿಗೆ ಬುಟ್ಟಿ ಬಿಗಿದ ಮೀನು ಮಾರುವವ, ಹೈಸ್ಕೂಲಿಗೆ ಹೋಗುವ ಹುಡುಗಿ, ಇವರೆಲ್ಲರದೂ ಅದೇ ಪಾಡು. ನೀರಿನ ಬದಿಯ ದಾರಿ ಬಾಡಿಗೆ ಕೊಟ್ಟು ಆಡುವವರಿಗೆ ಸಿಕ್ಕೀತು, ದುಡಿಯಲು ಹೋಗುವವರಿಗೆ ಸಿಕ್ಕದು ಎಂಬ ಈ ಏರ್ಪಾಡನ್ನು ಯಾರು ಮಾಡಿದರು?

ಮುಂಡಗೋಡ ತಾಲೂಕಿನ ಪಾಳಾವನ್ನೇ ತೆಗೆದುಕೊಳ್ಳೋಣ. ಅದು ಅರೆಮಲೆನಾಡಿನ ಊರು. ದಾರಿ ಎಂದರೆ ದಿಣ್ಣೆ ಹತ್ತುವುದು, ತಗ್ಗಿಗೆ ಇಳಿಯುವುದು, ಮತ್ತೆ ಹತ್ತುವುದು. ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ವಾಹನಗಳು ಆ ಸೀಮೆಯ ಹೆದ್ದಾರಿಯಲ್ಲಿ ಹಗಲಿರುಳೂ ಓಡುತ್ತವೆ. ಅದೇ ಸೀಮೆಯ ಮಳಗಿಯಲ್ಲಿ ಧರ್ಮಾ ಹೊಳೆಗೆ ಅಣೆಕಟ್ಟಿದೆ. ಅಲ್ಲಿ ನಿಂತ ನೀರಿನ ಬಹುಪಾಲು ಕಾಲುವೆ ಹಿಡಿದು ಹಾವೇರಿ ಜಿಲ್ಲೆಯ ಹಾನಗಲ್ಲಿನ ಗದ್ದೆಗಳಿಗೆ ಹೋಗುತ್ತದೆ. ನೆಲ ಮುಳುಗಿದ್ದು ಇಲ್ಲಿ, ನೀರು ಉಂಡದ್ದು ಅಲ್ಲಿ ಎಂಬ ಕೊರಗು ಮುಂಡಗೋಡ ತಾಲೂಕಿನಲ್ಲಿ ಹಳೆಯದು. ಹಾನಗಲ್ಲಿನ ರೈತನ ಮೇಲೆ ನಮಗೆ ಮುನಿಸಿಲ್ಲ. ಅವನ ಭತ್ತಕ್ಕೆ ನೀರು ಹೋಗಲೇಬೇಕು. ಆದರೆ ನೀರು ಹೋಗುವ ಕಾಲುವೆಯ ಪಕ್ಕದಲ್ಲಿ ಏರಿಯೆಂಬುದೊಂದು ಇದ್ದೇ ಇರುತ್ತದೆ. ನೀರು ಅವರಿಗೆ, ಏರಿಯಾದರೂ ಎರಡೂ ಕಡೆಯವರಿಗೆ ಎಂದು ಏಕೆ ಆಗಬಾರದು? ನೀರಿನಲ್ಲಿ ಪಾಲು ಕೇಳಿದರೆ ಇನ್ನೊಬ್ಬನ ಗದ್ದೆ ಒಣಗೀತು. ದಾರಿಯಲ್ಲಿ ಪಾಲು ಕೇಳಿದರೆ ಯಾರದ್ದೂ ಒಣಗುವುದಿಲ್ಲ.

ಏರಿಯ ದಾರಿಯೇ ಬೇಕೆಂದು ನಾವು ಹಟ ಹಿಡಿಯುವುದಕ್ಕೆ ಕಾರಣ ಇದೆ. ಕಾಲುವೆಯನ್ನು ತೋಡುವ ಇಂಜಿನಿಯರನು ನೀರು ನಿಲ್ಲಬಾರದು, ಹಾಗೆಂದು ರಭಸದಿಂದ ಓಡಿ ಮಣ್ಣನ್ನೂ ಕೊರೆಯಬಾರದು ಎಂದು ಲೆಕ್ಕ ಹಾಕಿ, ನಾಲ್ಕೈದು ಸಾವಿರ ಅಡಿಗೆ ಒಂದಡಿ ಇಳಿಯುವಷ್ಟು ಮಾತ್ರ ಇಳಿಜಾರು ಕೊಡುತ್ತಾನೆ. ದಿಣ್ಣೆ ಎದುರಾದರೆ ಕಾಲುವೆ ಅದನ್ನು ಸುತ್ತಿಕೊಂಡು ಹೋಗುತ್ತದೆ, ಇಲ್ಲವೇ ಸೀಳಿಕೊಂಡು ಹೋಗುತ್ತದೆ, ಹತ್ತುವುದಂತೂ ಇಲ್ಲ. ಇಪ್ಪತ್ತಡಿಗೆ ಒಂದಡಿ ಏರುವ ರಸ್ತೆಯಲ್ಲಿ ಮೂವತ್ತು ಸೇರಿನ ಗಂಟು ಹೇರಿದ ಸೈಕಲ್ಲಿನಿಂದ ಕೆಳಗಿಳಿದು ನೂಕದೆ ಬೇರೆ ದಾರಿಯಿಲ್ಲ ಎಂಬುದು ತುಳಿದವನಿಗೆ ಗೊತ್ತು. ಕಾಲುವೆಯ ಏರಿಯಲ್ಲಿ ಅರವತ್ತು ದಾಟಿದ ಮುದುಕನೂ ಅದೇ ಗಂಟನ್ನು ಕೂತಲ್ಲೇ ಒಯ್ಯಬಲ್ಲ. ಹೊಳೆದಂಡೆಯ ದಾರಿಗೂ ಹೆಚ್ಚುಕಡಿಮೆ ಇದೇ ಗುಣ. ನೀರಿಗೆ ಬೇಕಾದ ಮಟ್ಟವೇ ಬಡವನ ಮೊಣಕಾಲಿಗೂ ಬೇಕಾದ ಮಟ್ಟ.

ಈ ಗುಣವನ್ನು ವಿಲಾಯತಿಯವರು ಮೊದಲು ಕಂಡುಕೊಂಡದ್ದು ಸೈಕಲ್ಲು ಹುಟ್ಟುವುದಕ್ಕೆ ಮುಂಚೆ. ಅಲ್ಲಿಯ ಕಾಲುವೆಗಳನ್ನು 18ನೆಯ ಶತಮಾನದಲ್ಲಿ ತೋಡಿದ್ದು ಗದ್ದೆಗಳಿಗೆಂದಲ್ಲ, ಕಲ್ಲಿದ್ದಲು ಸಾಗಿಸುವ ದೋಣಿಗಳಿಗೆಂದು. ದೋಣಿಗೆ ಹಗ್ಗ ಕಟ್ಟಿ, ದಂಡೆಯ ಮೇಲೆ ನಡೆಯುವ ಕುದುರೆಯಿಂದ ಎಳೆಸುತ್ತಿದ್ದರು. ರಸ್ತೆಯಲ್ಲಿ ಒಂದೆರಡು ಟನ್ನಿಗೆ ಏದುಸಿರು ಬಿಡುವ ಕುದುರೆ ನೀರಿನ ಮೇಲೆ ಇಪ್ಪತ್ತೈದು-ಮೂವತ್ತು ಟನ್ ಎಳೆಯುತ್ತಿತ್ತು. ಆ ಕುದುರೆಯ ಕಾಲುದಾರಿಗೆ ‘ಟೋಪಾತ್’ ಎಂದು ಹೆಸರು. ರೈಲು ಬಂದು ದೋಣಿಗಳು ಮೂಲೆಗೆ ಬಿದ್ದವು, ಕುದುರೆಗಳು ಹೋದವು, ದಾರಿ ಮಾತ್ರ ಉಳಿಯಿತು. ಈಗ ಅದರ ಮೇಲೆ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ನಮ್ಮ ಕಡೆ ತುಂಗಭದ್ರೆಯ ನೀರಿನ ಕರ್ನೂಲು-ಕಡಪಾ ಕಾಲುವೆಯನ್ನು 19ನೆಯ ಶತಮಾನದಲ್ಲಿ ದೋಣಿ ಸಂಚಾರಕ್ಕೂ ಆಗಲೆಂದು ತೋಡಿದ್ದುಂಟು. ಮಿಕ್ಕವು ಹೆಚ್ಚಾಗಿ ಗದ್ದೆಯ ಕಾಲುವೆಗಳೇ. ಆದ್ದರಿಂದ ನಮ್ಮಲ್ಲಿ ಕುದುರೆಯ ದಾರಿಯಿಲ್ಲ. ಇರುವುದು ಇಲಾಖೆಯ ‘ತಪಾಸಣಾ ರಸ್ತೆ’. ಸಾಹೇಬರ ಜೀಪು ಬಂದು ಹೋಗಲೆಂದು ಮಾಡಿದ್ದು. ಜೀಪು ವರ್ಷಕ್ಕೆ ಎಷ್ಟು ಸಲ ಬಂತೆಂಬುದನ್ನು ಏರಿಯ ಮೇಲೆ ಬೆಳೆದ ಜಾಲಿಯ ಎತ್ತರ ನೋಡಿ ತಿಳಿಯಬಹುದು.

ಇನ್ನು ಕಾಯಿದೆಯ ಮಾತು. 1873ರ ಉತ್ತರ ಭಾರತದ ಕಾಲುವೆ ಕಾಯಿದೆಯಲ್ಲಿಯೇ, ನಿಯಮ ಮೀರಿ ಕಾಲುವೆಯ ದಂಡೆಯ ಮೇಲೆ ದನ ಹೊಡೆಯುವುದು, ಗಾಡಿ ಹೊಡೆಯುವುದು ಅಪರಾಧವೆಂದು ಬರೆದಿದ್ದರು. ಅಂದಿನ ಸರಕಾರಕ್ಕೆ ಕಾಲುವೆಯೆಂದರೆ ಕಂದಾಯ ಹೆರುವ ಹಸು. ಅದರ ಹತ್ತಿರ ರೈತ ಸುಳಿಯಬಾರದು. ಆ ಸರಕಾರ 1947ರಲ್ಲಿ ಹೋಯಿತು. ಅದರ ಧೋರಣೆ ಹೋಗಲಿಲ್ಲ. ‘ಅತಿಕ್ರಮ ಪ್ರವೇಶ ನಿಷೇಧಿಸಿದೆ’ ಎಂಬ ಹಲಗೆ ಇಂದಿಗೂ ಕಾಣುತ್ತದೆ. ರೈತ ಕೊಟ್ಟ ನೆಲದಲ್ಲಿ, ಕೂಲಿಯವರು ಹೊತ್ತ ಮಣ್ಣಿನಿಂದ, ಉಪ್ಪಿನಿಂದ ಹಿಡಿದು ಬೆಂಕಿಪೆಟ್ಟಿಗೆಯವರೆಗೆ ತೆರಿಗೆ ತೆತ್ತವರ ಹಣದಲ್ಲಿ ಎದ್ದ ಏರಿ ಅದು. ಅದರ ಮೇಲೆ ಕಾಲಿಟ್ಟರೆ ಅತಿಕ್ರಮ ಯಾರದು?

ಸೈಕಲ್ಲು ಓಡಾಡಿದರೆ ಏರಿ ಸವೆಯುತ್ತದೆ, ಕುಸಿಯುತ್ತದೆ ಎನ್ನುವ ಇಂಜಿನಿಯರರುಂಟು. ಈ ಮಾತನ್ನು ನಾವು ಅವರ ಶಾಸ್ತ್ರದಿಂದಲೇ ಪರೀಕ್ಷಿಸೋಣ. 1958ರಿಂದ 1960ರವರೆಗೆ ಅಮೇರಿಕದ ಇಲಿನಾಯ್ ಪ್ರಾಂತದಲ್ಲಿ ಬೇರೆಬೇರೆ ತೂಕದ ಲಾರಿಗಳನ್ನು ಒಂದೇ ಸಮನೆ ಓಡಿಸಿ ರಸ್ತೆ ಎಷ್ಟು ಕೆಡುತ್ತದೆಂದು ನೋಡಿದರು. ಅದರಿಂದ ಹೊರಟ ಸೂತ್ರವನ್ನು ರಸ್ತೆ ಕಟ್ಟುವವರು ಇಂದಿಗೂ ಉಪಯೋಗಿಸುತ್ತಾರೆ: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. ಸವಾರನೂ ಸೇರಿ ಸೈಕಲ್ಲಿನ ತೂಕ 100 ಕಿಲೋ ಎಂದಿಟ್ಟುಕೊಂಡರೆ ಒಂದೊಂದು ಗಾಲಿಯ ಪಾಲಿಗೆ 50 ಕಿಲೋ. ಮರಳು ತುಂಬಿದ ಟಿಪ್ಪರಿನ ಒಂದು ಅಚ್ಚಿನ ಮೇಲೆ ಹತ್ತು ಟನ್, ಅಂದರೆ ಇನ್ನೂರು ಪಟ್ಟು. ಸೂತ್ರವನ್ನು ಹಚ್ಚಿದರೆ ಹಾನಿ 160 ಕೋಟಿ ಪಟ್ಟು! ಈ ಲೆಕ್ಕ ಕಟ್ಟಿದ ರಸ್ತೆಯದು, ಮಣ್ಣಿನ ಏರಿಗೆ ಅಕ್ಷರಶಃ ಕೂಡಲಾರದು. ಅದರಲ್ಲಿ ತೊಂಬತ್ತು ಪಾಲು ಬಿಟ್ಟುಬಿಡಿ, ತೊಂಬತ್ತೊಂಬತ್ತು ಪಾಲು ಬಿಟ್ಟುಬಿಡಿ. ಏರಿಯನ್ನು ಕೆಡಿಸುವವನು ಯಾರೆಂಬುದರಲ್ಲಿ ಸಂಶಯ ಉಳಿಯುವುದೇ? ಹಗಲು ಹೊತ್ತು ಸೈಕಲ್ಲಿನವನಿಗೆ ಹಲಗೆ ತೋರಿಸುವವರು ರಾತ್ರಿ ಹೊತ್ತು ಟಿಪ್ಪರಿಗೆ ಏನು ತೋರಿಸುತ್ತಾರೆಂಬುದನ್ನು ನಾವು ಇಲ್ಲಿ ಬರೆಯುವ ಅವಶ್ಯಕತೆಯಿಲ್ಲ.

ಎರಡನೆಯ ಆಕ್ಷೇಪ ಭಾರವಾದದ್ದು. ಜನ ನೀರಿಗೆ ಬಿದ್ದಾರೆಂಬುದು. ಇದನ್ನು ನಾವು ತಳ್ಳಿಹಾಕುವುದಿಲ್ಲ. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ಕಾಲುವೆಗೆ ಉರುಳಿ 30 ಜನ ಮುಳುಗಿಹೋದರು. ಶನಿವಾರ ಶಾಲೆ ಬಿಟ್ಟು ಮನೆಗೆ ಹೊರಟ ಮಕ್ಕಳೂ ಅವರಲ್ಲಿದ್ದರು. ಅನಂತರವೂ ಆ ಜಿಲ್ಲೆಯಲ್ಲಿ ಕಾರುಗಳು ಕಾಲುವೆಗೆ ಬಿದ್ದ ಸುದ್ದಿ ಮತ್ತೆ ಮತ್ತೆ ಬಂತು. ಅಲ್ಲಿ ಏರಿಯೇ ಬಸ್ಸಿನ ದಾರಿಯಾಗಿತ್ತು, ಏರಿಗೆ ತಡೆಗೋಡೆ ಇರಲಿಲ್ಲ. ಬಸ್ಸು, ಲಾರಿ ಓಡುವ ಏರಿಗೆ ಗೋಡೆ ಕಟ್ಟದೆ ಬಿಟ್ಟು, ಸೈಕಲ್ಲಿನವನ ಪ್ರಾಣದ ಬಗ್ಗೆ ಮಾತ್ರ ಕನಿಕರ ತೋರಿಸುವುದು ಎಂಥ ನ್ಯಾಯ? ಗೋಡೆ ಬೇಕು, ತಿರುವಿನಲ್ಲಿ ಬೇಕು, ತೂಬಿನ ಹತ್ತಿರ ಬೇಕು, ಕಾಲುವೆ ಆಳವಾದಲ್ಲಿ ಬೇಕು. ನೀರಿಗಿಳಿದವರು ಮೇಲಕ್ಕೆ ಬರಲು ಅಲ್ಲಲ್ಲಿ ಮೆಟ್ಟಿಲು ಬೇಕು, ಏಕೆಂದರೆ ಸಿಮೆಂಟು ಬಳಿದ ಕಾಲುವೆಯ ಜಾರುಗೋಡೆಯನ್ನು ಈಜು ಬಲ್ಲವನೂ ಹತ್ತಲಾರ. ಇದು ಸೈಕಲ್ಲಿನವರಿಗೆ ಮಾತ್ರವಲ್ಲ, ಬಟ್ಟೆ ಒಗೆಯುವ ಹೆಂಗಸರಿಗೆ, ದನ ಕಾಯುವ ಹುಡುಗರಿಗೆ, ದನಗಳಿಗೂ ಬೇಕು.

ಕಾಳಿ ಹೊಳೆಯ ದಂಡೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅಲ್ಲಿಯ ನೀರು ಮಳೆಯ ಮಾತು ಕೇಳುವುದಿಲ್ಲ. ವಿದ್ಯುತ್ತಿನ ಬೇಡಿಕೆಯ ಮಾತು ಕೇಳುತ್ತದೆ. ಮೇಲೆ ಯಂತ್ರ ತಿರುಗಿದರೆ ಕೆಳಗೆ ಹೊಳೆ ಏರುತ್ತದೆ. ಹಾಗೆಯೇ ಅಲ್ಲಿಯ ಕಾಡಿನ ದೊಡ್ಡ ಭಾಗ 2007ರಿಂದ ಹುಲಿಗಳಿಗೆ ಮೀಸಲಾಗಿದೆ. ದಾಂಡೇಲಿ-ಅಣಶಿ ಎಂದಿದ್ದ ಅದರ ಹೆಸರನ್ನು 2015ರಲ್ಲಿ ಕಾಳಿ ಎಂದು ಬದಲಾಯಿಸಿದರು. ಹುಲಿಯ ಮನೆಯೊಳಗೆ ಸೈಕಲ್ ನುಗ್ಗಿಸಬೇಕೆಂದು ನಾವು ಕೇಳುತ್ತಿಲ್ಲ. ಊರಿನ ಹತ್ತಿರದ ದಂಡೆ, ಗಿರಣಿಗೂ ಪೇಟೆಗೂ ವಸತಿಗೂ ನಡುವಿನ ದಂಡೆ, ಅದನ್ನಾದರೂ ಬೇಲಿಯ ಹೊರಗೆ ಉಳಿಸಿಕೊಡಿ ಎನ್ನುತ್ತೇವೆ. ಒಬ್ಬ ವಿಹಾರಧಾಮದವನು ಹೊಳೆಯವರೆಗೆ ತಂತಿ ಎಳೆದರೆ ಪಕ್ಕದವನೂ ಎಳೆಯುತ್ತಾನೆ. ಆಮೇಲೆ ದಂಡೆಯ ಗುಂಟ ನಡೆಯುವ ಹಾದಿ ನಕಾಶೆಯಲ್ಲಿ ಮಾತ್ರ ಉಳಿಯುತ್ತದೆ.

“ಈಗ ಸೈಕಲ್ಲು ಯಾರ ಹತ್ತಿರ ಇದೆ, ಎಲ್ಲರಿಗೂ ಮೋಟಾರು ಸೈಕಲ್ಲು ಬಂದಿಲ್ಲವೇ” ಎಂದು ನಗುವವರಿಗೆ 2011ರ ಜನಗಣತಿಯನ್ನು ತೋರಿಸಬೇಕು. ದೇಶದಲ್ಲಿ ನೂರು ಮನೆಗೆ ಸುಮಾರು 45ರಲ್ಲಿ ಸೈಕಲ್ಲಿತ್ತು, 21ರಲ್ಲಿ ಮೋಟಾರು ಸೈಕಲ್ಲೋ ಸ್ಕೂಟರೋ ಇತ್ತು, ಕಾರಿದ್ದ ಮನೆ ಐದೂ ಇರಲಿಲ್ಲ. ಈಗ ಮೋಟಾರು ಸೈಕಲ್ಲು ಹೆಚ್ಚಿರುವುದು ನಿಜ. ಹೆಚ್ಚಿದ್ದು ಸಂಬಳವಲ್ಲ, ಸಾಲ. ದಿನಕ್ಕೆ 20 ಕಿಲೋಮೀಟರು ಓಡಿಸುವವನು ಲೀಟರಿಗೆ 50 ಕಿಲೋಮೀಟರು ಹೋದರೂ, ನೂರು ರೂಪಾಯಿ ದಾಟಿದ ಪೆಟ್ರೋಲಿಗೆ ತಿಂಗಳಿಗೆ ಸಾವಿರ ರೂಪಾಯಿಯ ಮೇಲೆ ಸುರಿಯಬೇಕು. ಅದರ ಮೇಲೆ ಕಂತು, ಅದರ ಮೇಲೆ ವಿಮೆ. ಸುರಕ್ಷಿತವಾದ ಸಮದಾರಿಯೊಂದು ಇದ್ದರೆ ಈ ಹಣದಲ್ಲಿ ಎಷ್ಟೋ ಮನೆಗಳಲ್ಲಿ ಎಣ್ಣೆಬೇಳೆ ಬಂದೀತು.

ಸೈಕಲ್ಲಿನವನನ್ನು ಸರಕಾರಗಳು ನಡೆಸಿಕೊಂಡ ರೀತಿ ನಮಗೆ ಹೊಸದಲ್ಲ. ಹಿಂದೆ ಅನೇಕ ಊರುಗಳಲ್ಲಿ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕಟ್ಟಿಸುತ್ತಿದ್ದವು. ದೀಪವಿಲ್ಲದಿದ್ದರೆ ದಂಡ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡರೆ ದಂಡ. ಆ ಬಿಲ್ಲೆ ಹೋಯಿತು. 2017ರಲ್ಲಿ ಜಿಎಸ್‌ಟಿ ಬಂತು, ಸೈಕಲ್ಲಿನ ಮೇಲೆ ನೂರಕ್ಕೆ 12. 2019ರ ಆಗಸ್ಟಿನಲ್ಲಿ ವಿದ್ಯುತ್ ಕಾರಿನ ಮೇಲಿನ ತೆರಿಗೆಯನ್ನು ನೂರಕ್ಕೆ 5ಕ್ಕೆ ಇಳಿಸಿದರು. ಹೊಗೆ ಬಿಡುವುದಿಲ್ಲ ಎಂಬುದು ಕಾರಣ! ಸೈಕಲ್ಲು ಯಾವ ಹೊಗೆ ಬಿಡುತ್ತಿತ್ತೋ ತಿಳಿಯದು. ಸೈಕಲ್ಲಿಗೆ ಆ 5 ದೊರೆಯಲು 2025ರ ಸಪ್ಟೆಂಬರಿನವರೆಗೆ ಕಾಯಬೇಕಾಯಿತು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದರು. ಒಳ್ಳೆಯ ಕೆಲಸ, ಅದನ್ನು ನಾವು ಮನಸಾರೆ ಒಪ್ಪುತ್ತೇವೆ. ಹಳ್ಳಿಯ ಹುಡುಗಿಯರು ಏಳನೆಯ ತರಗತಿಗೆ ಶಾಲೆ ಬಿಡುವುದನ್ನು ತಡೆಯಲು ಅದು ನೆರವಾಯಿತು. ಕೋವಿಡ್ ಹಾವಳಿಯ ಹೊತ್ತಿಗೆ ಅದನ್ನೂ ನಿಲ್ಲಿಸಿದರು. ಕೊಟ್ಟ ವರ್ಷಗಳಲ್ಲಿಯಾದರೂ, ಲಕ್ಷಾಂತರ ಸೈಕಲ್ಲು ಕೊಂಡ ಸರಕಾರ ಅವು ಓಡುವುದಕ್ಕೆಂದು ಎಷ್ಟು ಮೈಲು ದಾರಿ ಮಾಡಿತು?

ದಾರಿ ಕೇಳಿ ಪಡೆದವರ ಚರಿತ್ರೆ ಹೊರದೇಶಗಳಲ್ಲಿದೆ. 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ‘ಕ್ಲೇರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯ ಓದುಗರು ಕೂಡಿ ಸೈಕಲ್ ಸಂಘ ಕಟ್ಟಿದರು. ಭಾನುವಾರ ಗಿರಣಿಯ ಹೊಗೆಯಿಂದ ಹೊರಬಿದ್ದು ಹಳ್ಳಿಗಳಿಗೆ ಹೋಗಿ ಪತ್ರಿಕೆ ಹಂಚಿ ಬರುತ್ತಿದ್ದರು. ವಾರಪತ್ರಿಕೆ ಓದುವವರಿಂದ ಏನಾದೀತು ಎಂದು ಕೇಳುವವರಿಗೆ ಇದು ಉತ್ತರ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕೆಲಸಗಾರರು, ಧನಿಕರು ಹಕ್ಕಿ ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದ ಕಿಂಡರ್ ಸ್ಕೌಟ್ ಎಂಬ ಗುಡ್ಡದ ಮೇಲೆ ಬೇಕೆಂದೇ ಕಾಲಿಟ್ಟರು. ಐವರಿಗೆ ಜೈಲಾಯಿತು. 1949ರಲ್ಲಿ ಬಯಲು-ಗುಡ್ಡಗಳಿಗೆ ಜನರ ಪ್ರವೇಶದ ಕಾಯಿದೆಯೂ ಆಯಿತು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅಮೇರಿಕದ್ದು. ವಾಷಿಂಗ್ಟನ್ನಿನಿಂದ ಕಂಬರ್ಲ್ಯಾಂಡಿನವರೆಗೆ ಪೊಟೊಮ್ಯಾಕ್ ಹೊಳೆಯ ಬದಿಯಲ್ಲಿ ಒಂದು ಹಳೆಯ ದೋಣಿ-ಕಾಲುವೆಯಿತ್ತು, ಉದ್ದ 184.5 ಮೈಲು. ದೋಣಿಗಳು ನಿಂತ ಮೇಲೆ ಅದರ ಗುಂಟ ಮೋಟಾರು ರಸ್ತೆ ಮಾಡಬೇಕೆಂದು ಯೋಜನೆ ಹೊರಟಿತು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ 1954ರಲ್ಲಿ ಅದನ್ನು ಬೆಂಬಲಿಸಿ ಬರೆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಸಿಡಿದೆದ್ದು, ಸಂಪಾದಕರೇ, ಬರೆಯುವುದಕ್ಕೆ ಮುಂಚೆ ನನ್ನ ಜತೆ ಆ ದಾರಿಯಲ್ಲಿ ನಡೆದು ನೋಡಿ ಎಂದು ಪಂಥ ಕೊಟ್ಟರು. ಸಂಪಾದಕರೂ ಬಂದರು. ಮಾರ್ಚಿಯಲ್ಲಿ ಎಂಟು ದಿನ ನಡೆದರು. ಕೊನೆಯವರೆಗೆ ಇಡಿಯ ದಾರಿ ನಡೆದವರು ಒಂಬತ್ತು ಜನ. ಪತ್ರಿಕೆ ತನ್ನ ಅಭಿಪ್ರಾಯ ತಿದ್ದಿಕೊಂಡಿತು, ರಸ್ತೆ ಯೋಜನೆ ಬಿದ್ದುಹೋಯಿತು, 1971ರಲ್ಲಿ ಕಾಲುವೆಯನ್ನು ರಾಷ್ಟ್ರೀಯ ಚಾರಿತ್ರಿಕ ಉದ್ಯಾನವೆಂದು ಸಾರಿದರು. ಈಗ ಆ ಕುದುರೆದಾರಿ ಸೈಕಲ್ಲಿನವರ ದಾರಿ. ನಮ್ಮ ನೀರಾವರಿ ಮಂತ್ರಿಗಳಲ್ಲಿ ಯಾರನ್ನಾದರೂ ಮಳಗಿಯ ಕಟ್ಟೆಯಿಂದ ಹಾನಗಲ್ಲಿನವರೆಗೆ ಏರಿಯ ಮೇಲೆ ನಡೆಸಿದರೆ ಎಷ್ಟು ಅಭಿಪ್ರಾಯ ತಿದ್ದೀತೋ ನೋಡಬೇಕೆಂಬ ಆಸೆ ನಮಗಿದೆ.

ಇದಕ್ಕೆ ಬೆಲೆಯುಳ್ಳ ಸೈಕಲ್ಲೇ ಬೇಕೆಂದು ಯಾರೂ ನಂಬಬಾರದು. ಈಗ ಮೌಂಟನ್ ಬೈಕ್ ಎಂದು ಸಾವಿರಾರು ರೂಪಾಯಿಗೆ ಮಾರುವ ಸರಕು ಹುಟ್ಟಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಕೆಲವು ಹುಡುಗರು ಗುಜರಿಯಿಂದ ತಂದ ಹಳೆಯ ದಪ್ಪ ಟಾಯರಿನ ಸೈಕಲ್ಲುಗಳನ್ನು ರಿಪೇರಿ ಮಾಡಿ ಗುಡ್ಡದಿಂದ ಇಳಿಸಿದ್ದರಿಂದ. ನಮ್ಮ ಹಾಲಿನವನ ಕರಿ ಸೈಕಲ್ಲು ಆ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದೆ. ಗಾಳಿ ಸ್ವಲ್ಪ ಕಡಿಮೆ ಇರಲಿ, ಮಣ್ಣಿನಲ್ಲಿ ಗಾಲಿ ಕುಪ್ಪಳಿಸುವುದಿಲ್ಲ. ಏರಿಯ ಮೇಲೆ ನೀರಿನ ಅಂಚು ಬಿಟ್ಟು ಗದ್ದೆಯ ಮಗ್ಗುಲು ಹಿಡಿಯಬೇಕು. ಮಳೆ ಬಿದ್ದ ಮಾರನೆಯ ದಿನ ಜಿಗುಟು ಮಣ್ಣಿನ ಏರಿಗೆ ಹೋಗಬಾರದು. ಗಾಲಿಗೆ ಮಣ್ಣು ಮೆತ್ತಿ ನಿಂತುಬಿಡುತ್ತದೆ, ಏರಿಯೂ ಕೆಡುತ್ತದೆ. ತೂಬಿನ ಹಲಗೆಯ ಮೇಲೆ ಇಳಿದು ನಡೆಸಿಕೊಂಡು ಹೋಗುವುದು ನಾಚಿಕೆಯ ವಿಷಯವಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಡಾಂಬರು ಬೇಡವೇ ಬೇಡ. ಡಾಂಬರು ಹಾಕಿದ ದಿನವೇ ಲಾರಿ ಬರುತ್ತದೆ. ಆರಡಿ ಅಗಲಕ್ಕೆ ಗರಸು ಹಾಸಿ ದಮ್ಮಸು ಮಾಡಿದರೆ ಸಾಕು, ಅದನ್ನು ಉದ್ಯೋಗ ಖಾತರಿಯ ಕೂಲಿಯವರಿಂದಲೇ ಮಾಡಿಸಬಹುದು. ಜಾಲಿ ಕಡಿಸಬೇಕು, ಒಡೆದ ಕಡೆ ಸಣ್ಣ ಸೇತುವೆ ಹಾಕಬೇಕು. ‘ನಿಷೇಧಿಸಿದೆ’ ಎಂಬ ಹಲಗೆ ತೆಗೆದು, ಕಾಲ್ನಡಿಗೆಯವರಿಗೂ ಸೈಕಲ್ಲಿಗೂ ದಾರಿಯುಂಟೆಂದು ಬರೆದ ಹಲಗೆ ನೆಡಬೇಕು. ಕಾಲುವೆಯ ದಂಡೆಯನ್ನಾಗಲಿ ಹೊಳೆಯ ದಂಡೆಯನ್ನಾಗಲಿ ವಿಹಾರದ ಹೆಸರಿನಲ್ಲಿ ಯಾರಿಗೂ ಗುತ್ತಿಗೆ ಕೊಡುವುದಕ್ಕೆ ಮುಂಚೆ ಆ ದಂಡೆಯ ಹಳ್ಳಿಗಳ ಗ್ರಾಮಸಭೆಯ ಮುಂದೆ ವಿಷಯ ಬರಬೇಕು. ಪಾಳಾದ ಗ್ರಾಮಸಭೆಯಲ್ಲಿ ಈ ಠರಾವು ಮೊದಲು ಆಗಲಿ. ಅಣೆಕಟ್ಟು ಒಂದು ಜಿಲ್ಲೆಯದು, ಗದ್ದೆ ಇನ್ನೊಂದು ಜಿಲ್ಲೆಯದು ಎಂದು ಕಾಗದವನ್ನು ಅತ್ತಿಂದಿತ್ತ ದಬ್ಬುವವರಿಗೆ ಹಾನಗಲ್ಲಿನ ಹಳ್ಳಿಗಳ ಠರಾವೂ ಜತೆಗೆ ಹೋಗಲಿ. ಮತ್ತು ಏರಿಯ ಎರಡೂ ಕೊನೆಯಲ್ಲಿ ಮೂರಡಿ ಸಂದು ಬಿಟ್ಟು ಗಟ್ಟಿ ಕಲ್ಲುಗಳನ್ನು ನೆಡಬೇಕು. ಸೈಕಲ್ಲು ನುಸುಳುತ್ತದೆ, ಎಮ್ಮೆಯೂ ನುಸುಳುತ್ತದೆ, ಟಿಪ್ಪರು ನುಸುಳುವುದಿಲ್ಲ. ಇಲಾಖೆಯ ಜೀಪಿಗೆ ದಾರಿ ಬೇಕೆಂದರೆ ಒಂದು ಕಲ್ಲಿನ ಜಾಗದಲ್ಲಿ ಬೀಗದ ಕಂಬ ಇರಲಿ. ಬೀಗದ ಕೈ ನೀರುಗಂಟಿಯ ಹತ್ತಿರ ಇರಲಿ, ಗುತ್ತಿಗೆದಾರನ ಹತ್ತಿರ ಬೇಡ.